ಗೊಂಡೆ ವರ್ಷ

ಮಾವ ಸಿಳ್ಳು ಹಾಕುವುದನ್ನು ನಿಲ್ಲಿಸಿ ಇವತ್ತಿಗೆ ಹನ್ನೊಂದು ದಿನ. ಚಂದನಾ ಬೆರಳು ಮಡಚಿ ಎಣಿಸಿದ್ದಳು. ಎಣಿಸುವುದು ಅವಳ ಹುಟ್ಟುಗುಣ. ನಾಲ್ಕು ವರ್ಷದ ಮಗಳು ಸೋನಾಳಿಗೆ ನೆಗಡಿಯಾದರೆ ಸೀನುಗಳನ್ನು ಎಣಿಸುತ್ತಿದ್ದಳು. ಗಂಡ ಮಹಾವೀರ ಕೆಲಸದಿಂದ ಬರುವುದು ತಡವಾದರೆ ಗಡಿಯಾರದ ಮುಂದೆ ನಿಂತು ನಿಮಿಷಗಳನ್ನು ಎಣಿಸುತ್ತಿದ್ದಳು. ಅಂಥ ಚಿಂತೆಗಳನ್ನು ಯಾರ ಮುಂದಾದರೂ ಹೇಳಿ ಹಗುರಾಗಬಹುದಿತ್ತು. ಇದೊಂದನ್ನು ಮಾತ್ರ ಹೇಳಿಕೊಳ್ಳುವಂತಿರಲಿಲ್ಲ. ಸಿಳ್ಳು ನಿಂತದ್ದು ತನ್ನಿಂದಲೇ ಎಂಬುದು ಅವಳಿಗೆ ಗೊತ್ತಿತ್ತು.

ಅದೇನು ದೊಡ್ಡ ಸಂಗೀತವಲ್ಲ. ಮಾವ ಭೂಪಾಲನ ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ಸಿಕ್ಕಿಕೊಳ್ಳುವಷ್ಟು ಸಂದಿ. ಕೈಯಲ್ಲಿ ಮನಸ್ಸಿಗೊಪ್ಪಿದ ಕೆಲಸವಿದ್ದರೆ ಆ ಸಂದಿಯಿಂದ ಉಸಿರು ತಾನಾಗಿ ಸಿಳ್ಳಾಗಿ ಹೊರಡುತ್ತಿತ್ತು. "ನಿಮ್ಮ ಸೀಟಿಗೆ ನನ್ನ ಹಾಲು ಉಕ್ಕಿ ಹೋದೀತು" ಎಂದು ಅತ್ತೆ ಗಂಗೂಬಾಯಿ ಒಳಗಿನಿಂದ ಕೂಗಿದರೆ, "ನಾ ಎಲ್ಲಿ ಊದಾಕತ್ತೇನಿ?" ಎಂದು ಅವರೇ ಬೆರಗಾಗುತ್ತಿದ್ದರು.

ಈಗ ಆಷಾಢದ ಮಧ್ಯಾಹ್ನ. ಮಾವ ಕಟ್ಟೆಯ ಮೇಲೆ ಕೂತು ಕೆಂಪು ನೂಲಿನ ಜೊತೆ ಹಳದಿ ನೂಲು ಸೇರಿಸಿ ಮರದ ಪಟ್ಟಿಗೆ ಸುತ್ತುತ್ತಿದ್ದರು. ಕೈ ಗಾಣದ ಹಾಗೆ ತಿರುಗುತ್ತಿತ್ತು. ಬಾಯಿ ಮುಚ್ಚಿತ್ತು.

ಭೂಪಾಲ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್. ಮನೆಯಷ್ಟು ದೊಡ್ಡ ಹಂಡೆಯಲ್ಲಿ ಕಬ್ಬಿನ ರಸ ಕುದಿದು ಹರಳುಗಟ್ಟುವುದನ್ನು ಕಾಯುವ ಕೆಲಸ. ಆಗಾಗ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, ದೀಪಕ್ಕೆ ಹಿಡಿದು, ಹರಳು ಎಷ್ಟು ಬಲಿತಿದೆ ಎಂದು ಕಣ್ಣಲ್ಲೇ ಅಳೆಯಬೇಕು. ದೀಪಾವಳಿಯ ಆಸುಪಾಸಿನಲ್ಲಿ ಕಾರ್ಖಾನೆಯ ಸೈರನ್ನು, ಊರಿನವರ ಭೋಂಗಾ, ಕೂಗಿ ಸೀಜನ್ ಶುರುವಾದರೆ ಯುಗಾದಿ ದಾಟುವ ತನಕ ಮೂರು ಪಾಳಿ, ಉಸಿರಾಡಲು ಹೊತ್ತಿಲ್ಲ. ಆಮೇಲೆ ಕಬ್ಬು ಮುಗಿಯುತ್ತದೆ, ಭೋಂಗಾ ನಿಲ್ಲುತ್ತದೆ, ಸೀಜನ್ ಮೇಲಿನ ಕೆಲಸಗಾರರು ಮನೆಗೆ ಬರುತ್ತಾರೆ. ಮುಂದಿನ ಐದಾರು ತಿಂಗಳು ಕೈಗೆ ಕೆಲಸವಿಲ್ಲ. ಇದಕ್ಕೆ ಊರಿನವರು ಆಫ್ ಸೀಜನ್ ಎನ್ನುತ್ತಾರೆ. ಕೆಲವರು ಹೊಲ ಮನೆ ನೋಡಿಕೊಳ್ಳುತ್ತಾರೆ, ಕೆಲವರು ಇಸ್ಪೀಟು, ಕೆಲವರು ಬರೀ ನಿದ್ದೆ.

ಬೆಳಗಾವಿಯಲ್ಲಿ ಹುಟ್ಟಿ ಬೆಳೆದ ಚಂದನಾ ಈ ಮನೆಗೆ ಸೊಸೆಯಾಗಿ ಬಂದದ್ದು ೧೯೮೮ರ ಮೇ ತಿಂಗಳಲ್ಲಿ, ಇಂಥದೇ ಒಂದು ಆಫ್ ಸೀಜನ್ನಿನಲ್ಲಿ. ಬಂದ ಮರುದಿನ ಬೆಳಿಗ್ಗೆ ಮಾವನಿಗೆ ಚಹ ಕೊಡಲು ಹುಡುಕಿದರೆ ಅವರು ಮಾಳಿಗೆಯ ಮೇಲೆ, ಕೈಯಲ್ಲಿ ಹಳೆಯ ಡೈರಿ ಹಿಡಿದು, ಹೊಳೆಯ ಕಡೆ ನೋಡುತ್ತ ಅಲುಗಾಡದೆ ಕೂತಿದ್ದರು.

"ಸದ್ದ ಮಾಡಬ್ಯಾಡವ್ವ. ಹದಿನಾಲ್ಕನೇದು ಬಂದೈತಿ."

"ಏನು ಹದಿನಾಲ್ಕನೇದು?"

"ಹಕ್ಕಿ. ಈ ದಂಡಿಮ್ಯಾಲೆ ಎಷ್ಟು ನಮೂನಿ ಹಕ್ಕಿ ಅದಾವಂತ ನೋಡಾಕತ್ತೇನಿ. ನಿಮ್ಮ ಬೆಳಗಾವಿಯೊಳಗ ಎಷ್ಟು ಅದಾವ?"

ಚಂದನಾಳಿಗೆ ಮಾವನ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಹೊಸ ಚಿಂತೆ ಹತ್ತಿಕೊಂಡಿತು. ಗಂಡನನ್ನು ಕೇಳಿದರೆ ಅವನು ನಕ್ಕು ಹೇಳಿದ: "ಇದು ಹಕ್ಕಿ ವರ್ಷ. ನಾನು ಹುಟ್ಟಿದ್ದು ಪೇಟಿ ವರ್ಷ."

ಆಮೇಲೆ ತಿಳಿಯಿತು, ಈ ಮನೆಯಲ್ಲಿ ವರ್ಷಗಳಿಗೆ ಅಂಕಿಗಳಿಲ್ಲ. ಭೂಪಾಲ ಪ್ರತಿ ಆಫ್ ಸೀಜನ್ನಿಗೆ ಒಂದೇ ಒಂದು ವಿದ್ಯೆ ಹಿಡಿಯುತ್ತಿದ್ದರು. ಈಜಿನ ವರ್ಷ, ಸೈಕಲ್ ವರ್ಷ, ಮೋಡಿ ವರ್ಷ, ಹಪ್ಪಳದ ವರ್ಷ. ಪೇಟಿ ವರ್ಷದಲ್ಲಿ ಮಿರಜಿನಿಂದ ಹಳೆಯ ಹಾರ್ಮೋನಿಯಂ ಒಂದನ್ನು ತಂದು ಐದು ತಿಂಗಳು ತಿಕ್ಕಿದರೂ ಕೈಗೆ ಬಂದದ್ದು ಒಂದೇ ಆರತಿಯ ಹಾಡು, ಅದೂ ಅರ್ಧ. ಎದುರು ಮನೆಯ ನಾಯಿ ಆ ವರ್ಷವೇ ಬೇರೆ ಓಣಿಗೆ ಹೋಯಿತೆಂದು ಗಂಗೂಬಾಯಿ ಇಂದಿಗೂ ಹೇಳುತ್ತಾರೆ. ಮೋಡಿ ವರ್ಷದಲ್ಲಿ ಮೋಡಿ ಎಂಬ ಹಳೆಯ ಮರಾಠಿ ಲಿಪಿಯನ್ನು ಓದಲು ಕಲಿತು, ಅಜ್ಜನ ಕಾಲದ ಪೆಟ್ಟಿಗೆಯಲ್ಲಿದ್ದ ಕಾಗದವನ್ನು ಬಿಚ್ಚಿದರು. ಮನೆತನದ ಗುಟ್ಟೇನೋ ಹೊರಬಿದ್ದೀತೆಂದು ಎಲ್ಲರೂ ಸುತ್ತುವರಿದು ಕೂತಿದ್ದರಂತೆ. ಹೊರಬಿದ್ದದ್ದು ಎಮ್ಮೆಯೊಂದಕ್ಕೆ ಹೊಟ್ಟೆನೋವು ಬಂದಾಗ ಏನು ಕುಡಿಸಬೇಕೆಂಬ ಔಷಧದ ಪಟ್ಟಿ. ಭೂಪಾಲ ಅದನ್ನೂ ಅಷ್ಟೇ ಖುಷಿಯಿಂದ ಮೂರು ಸಲ ಓದಿದರಂತೆ.

ಚಂದನಾಳಿಗೆ ಇದು ತಮಾಷೆಯೂ ಆಗಿತ್ತು, ಒಳಗೊಳಗೇ ಭಯವೂ ಆಗಿತ್ತು. ಅವಳ ತಂದೆ ಬೆಳಗಾವಿಯಲ್ಲಿ ಹೈಸ್ಕೂಲ್ ಮಾಸ್ತರರು. ಮನೆಯ ಗೋಡೆಯ ಮೇಲೆ ಅವರೇ ಬರೆದ ವೇಳಾಪಟ್ಟಿ: ಐದಕ್ಕೆ ಏಳುವುದು, ಐದೂವರೆಗೆ ಪಾಠ, ಸಂಜೆ ಚಿತ್ರಕಲೆ, ರವಿವಾರ ಹಿಂದಿ. ಚಿತ್ರಕಲೆಗೆ ಗ್ರೇಡ್ ಪರೀಕ್ಷೆ ಇತ್ತು, ಹಿಂದಿಗೆ ಪ್ರಥಮಾ ಮಧ್ಯಮಾ ಇತ್ತು, ಟೈಪಿಂಗಿಗೆ ಸರ್ಟಿಫಿಕೇಟ್ ಇತ್ತು. ಕಿಟಕಿಯ ಹತ್ತಿರ ಸುಮ್ಮನೆ ನಿಂತರೆ ತಂದೆ ಹಿಂದಿನಿಂದ ಬಂದು "ಏನು ಮಾಡ್ತಿದ್ದೀಯಮ್ಮ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಬೈಗುಳಕ್ಕಿಂತ ಆ ಮೆಲುದನಿಯೇ ಹೆಚ್ಚು ಚುಚ್ಚುತ್ತಿತ್ತು. ಹೀಗೆ ಬೆಳೆದವಳಿಗೆ, ಲಾಭವೂ ಇಲ್ಲದ ಪದವಿಯೂ ಇಲ್ಲದ ವಿದ್ಯೆಗೆ ಒಬ್ಬ ಗಂಡಸು ಐದು ತಿಂಗಳು ಸುರಿಯುವುದು ನಲ್ಲಿ ತೆರೆದಿಟ್ಟು ಹೋದ ಹಾಗೆ ಕಾಣುತ್ತಿತ್ತು. ಸೋನಾ ಹುಟ್ಟಿದ ಮೇಲಂತೂ ಆ ನೀರಿನ ಸದ್ದು ಅವಳಿಗೆ ರಾತ್ರಿ ಹಗಲೂ ಕೇಳತೊಡಗಿತು. ಮಗಳಿಗೆ ಒಳ್ಳೆಯ ಶಾಲೆ ಬೇಕು. ಮಾವನಿಗೆ ಇನ್ನು ಎರಡೇ ಸೀಜನ್ನು, ಆಮೇಲೆ ನಿವೃತ್ತಿ.

ಈ ವರ್ಷದ ವಿದ್ಯೆ ಸಿಕ್ಕಿದ್ದು ಕಾರ್ಖಾನೆಯ ಗೇಟಿನ ಮುಂದೆ. ಕಬ್ಬಿನ ಗಾಡಿಗಳ ಸರದಿಯಲ್ಲಿ ಮಾವನ ಗೆಳೆಯ ಧರೆಪ್ಪನ ಎತ್ತಿನ ಕೋಡಿನಿಂದ ಒಂದು ಗೊಂಡೆ ಹರಿದು ಬಿತ್ತು. ಭೂಪಾಲ ಅದನ್ನು ಎತ್ತಿಕೊಂಡು, ಹೇಗೆ ಕಟ್ಟಿದ್ದಾರೆಂದು ನೋಡುವ ಆಸೆಗೆ ಗಂಟು ಬಿಚ್ಚಿದರು. ಬಿಚ್ಚಿದ್ದು ತಿರುಗಿ ಕಟ್ಟಲು ಬರಲಿಲ್ಲ. "ಈಗ ಕಟ್ಟಿ ಕೊಡೋ ತನಕ ಬಿಡಂಗಿಲ್ಲ ನಿನ್ನ" ಎಂದು ಧರೆಪ್ಪ ದಬಾಯಿಸಿದ. ಅಲ್ಲಿಗೆ ಅದು ಗೊಂಡೆ ವರ್ಷವಾಯಿತು. ನಿಪ್ಪಾಣಿ ಸಂತೆಯಲ್ಲಿ ಗೊಂಡೆ ಮಾರುವ ಮುದುಕನೊಬ್ಬನ ಪಕ್ಕ ಎರಡು ವಾರದ ಸಂತೆ ಕೂತು ಗಂಟು ಕಲಿತರು. ಇಚಲಕರಂಜಿಯಿಂದ ಬಣ್ಣದ ನೂಲು ತಂದರು. ಸುಮ್ಮನೆ ಸುತ್ತಲಿಲ್ಲ. ಧರೆಪ್ಪನ ಹೊಲಕ್ಕೆ ಹೋಗಿ ಎತ್ತುಗಳ ಮುಂದೆ ಕೂತರು. "ಕರೀದಕ್ಕ ಒಂದು ಕೋಡು ಸೊಟ್ಟ ಐತಿ. ಆ ಕಡೆ ಗೊಂಡೆ ಉದ್ದ ಬಿಡಬೇಕು, ಅಂದ್ರ ಸೊಟ್ಟ ಕಾಣಂಗಿಲ್ಲ" ಎಂದು ಮನೆಗೆ ಬಂದು ವರದಿ ಒಪ್ಪಿಸಿದರು. ಕಟ್ಟೆಯ ಮೇಲೆ ಸೋನಾ ಅವರ ಎದುರು ಕೂತು ನೂಲಿನ ಉಂಡೆ ಹಿಡಿಯುತ್ತಿದ್ದಳು. ಅವಳಿಗೆ ನೀಲಿ ಇಷ್ಟ. ಹಾಗಾಗಿ ಕರಿ ಎತ್ತಿನ ಗೊಂಡೆಗೆ ಯಾವ ಲೆಕ್ಕಕ್ಕೂ ಸಿಗದ ಒಂದು ನೀಲಿ ಎಳೆ ಸೇರಿತು. ಸಿಳ್ಳು ಆ ದಿನಗಳಲ್ಲಿ ಮುಂಜಾನೆಯಿಂದ ಊಟದ ಹೊತ್ತಿನವರೆಗೆ ನಿಲ್ಲುತ್ತಿರಲಿಲ್ಲ.

ಮೇ ಕೊನೆಯಲ್ಲಿ ಸಾಂಗ್ಲಿಯಿಂದ ನೇಮಿನಾಥ ಬಂದ. ಚಂದನಾಳ ದೊಡ್ಡಪ್ಪನ ಮಗ, ಸಾಂಗ್ಲಿಯಲ್ಲಿ ಅಲಂಕಾರದ ಸಾಮಾನಿನ ಅಂಗಡಿ ಇಟ್ಟವನು. ಚಹದ ಬಟ್ಟಲು ಕೆಳಗಿಟ್ಟವನೇ ಕಟ್ಟೆಯ ಮೇಲಿನ ಗೊಂಡೆ ಎತ್ತಿಕೊಂಡು ಬೆಳಕಿಗೆ ಹಿಡಿದ.

"ಅರೇ ವಾ, ಮಸ್ತ! ಇದನ್ನ ಯಾರು ಮಾಡ್ಯಾರ, ತಂಗಿ?"

"ಮಾಮಾ ಮಾಡ್ಯಾರ. ಧರೆಪ್ಪಣ್ಣಾರ ಎತ್ತಿಗೆ."

"ಎತ್ತಿಗೆ? ಸಾಂಗ್ಲಿಯೊಳಗ ಇದನ್ನ ಮಂದಿ ಬಾಗಲಕ್ಕ ಕಟ್ಟತಾರ, ಮೋಟಾರಿನ್ಯಾಗ ಕಟ್ಟತಾರ. ದಸರಾಕ್ಕ ಮುನ್ನೂರು ಜೋಡಿ ಕೊಡಸು, ಕಣ್ಣು ಮುಚ್ಚಿ ತಗೋತೀನಿ. ಆದ್ರ ಎಲ್ಲಾ ಒಂದೇ ಥರ ಇರಬೇಕು ನೋಡು. ಕೆಂಪು, ಹಳದಿ. ಈ ನೀಲಿ ಗೀಲಿ ಬ್ಯಾಡ."

ಚಂದನಾಳ ಎದೆಯಲ್ಲಿ ಯಾರೋ ನಲ್ಲಿ ತಿರುವಿ ನಿಲ್ಲಿಸಿದಂತಾಯಿತು. "ಕೊಡ್ತೀವಿ ಅಣ್ಣಾ" ಎಂದುಬಿಟ್ಟಳು. ಅಷ್ಟಕ್ಕೇ ನಿಲ್ಲದೆ, "ಮಾಮಾರಿಗೆ ಹೆಂಗೂ ಹೊತ್ತು ಹೋಗಂಗಿಲ್ಲ" ಎಂದು ಸೇರಿಸಿ ನಕ್ಕಳು.

ಮಾವನ ಕೈ ಒಂದು ಗಳಿಗೆ ನಿಂತಿತು. ಅವರು ನೇಮಿನಾಥನನ್ನು ನೋಡಲಿಲ್ಲ, ಸೊಸೆಯ ಮುಖ ನೋಡಿದರು. ಆಮೇಲೆ, "ಆತು ಆತು. ಮಗಳು ಮಾತು ಕೊಟ್ಟಾಳ, ಮಾಡೋಣಂತ" ಎಂದರು.

ಅದನ್ನು ಅವಳು ಒಪ್ಪಿಗೆ ಎಂದೇ ತಿಳಿದಳು. ತವರಿನವರು ಹೊಸ್ತಿಲೊಳಗೆ ಬಂದು ಕೂತಾಗ ಅವರೆದುರು ಸೊಸೆಯ ಮಾತನ್ನು ಮಾವ ತೆಗೆದುಹಾಕುವುದುಂಟೇ? ಈ ಕಡೆಯ ಮನೆಗಳಲ್ಲಿ ಹಾಗೆ ಮಾಡಿದರೆ ಸೊಸೆಯ ತಲೆ ತವರಿನಲ್ಲಿ ತಗ್ಗುತ್ತದೆ. ಆರು ವರ್ಷ ಈ ಮನೆಯಲ್ಲಿದ್ದೂ ಅವಳಿಗೆ ಆ ಕ್ಷಣ ಅದು ಹೊಳೆಯಲಿಲ್ಲ.

ಮರುದಿನವೇ ಹಾಳೆಯ ಮೇಲೆ ಗೆರೆ ಎಳೆದು ಪಟ್ಟಿ ಮಾಡಿದಳು. ದಿನಕ್ಕೆ ಮೂರು ಜೋಡಿ, ಆದಂತೆ ಒಂದೊಂದು ಗುರುತು. ಅದನ್ನು ಗಡಿಯಾರದ ಕೆಳಗೆ ಮೊಳೆ ಹೊಡೆದು ತೂಗುಹಾಕಿದಳು. ಸೋನಾ ಒಮ್ಮೆ ಉಂಡೆಯನ್ನು ಅಂಗಳದ ತನಕ ಉರುಳಿಸಿ ನೂಲು ಸಿಕ್ಕು ಮಾಡಿದಾಗ, "ಅದು ಆರ್ಡರಿನ ಮಾಲು, ಮುಟ್ಟಬೇಡ!" ಎಂದು ಗದರಿಸಿದಳು. ಮಗಳು ಅಂದಿನಿಂದ ಕಟ್ಟೆಯ ಕಡೆ ಹೋಗಲಿಲ್ಲ. ಬೆಳಗಾವಿಯಿಂದ ತಂದೆಯ ಕಾರ್ಡು ಬಂತು: ನೇಮಿನಾಥ ಎಲ್ಲರ ಮುಂದೆ ನಿನ್ನನ್ನು ಹೊಗಳಿದ, ಮನೆಯವರ ಕಾಲ ಸದುಪಯೋಗವಾಗುವಂತೆ ಮಾಡಿದ್ದೀಯೆ, ಸಂತೋಷ. ಚಂದನಾ ಆ ಕಾರ್ಡನ್ನು ನಾಲ್ಕು ಸಲ ಓದಿದಳು. ತಂದೆ ಕೊಟ್ಟ ಇನ್ನೊಂದು ಗ್ರೇಡು ಅದು ಎನ್ನಿಸಿತು.

ಕಾರಹುಣ್ಣಿಮೆ ಬಂತು. ಎತ್ತುಗಳ ಮೈತೊಳೆದು ಕೋಡಿಗೆ ಬಣ್ಣ ಬಳಿಯುವ ಹಬ್ಬ. ಮುಂಜಾನೆಯೇ ಧರೆಪ್ಪ ಅಂಗಳದಲ್ಲಿ ಬಂದು ನಿಂತ.

"ಏನಪಾ ಭೂಪಾಲಣ್ಣಾ, ನನ್ನ ಗೊಂಡೆ?"

"ಕರೀದರದು ಒಂದ ಆಗೇತಿ. ಬಿಳೀದರದು ಹಂಗ ಉಳೀತು ಧರೆಪ್ಪಾ. ಆರ್ಡರ್ ಇತ್ತು."

"ಹೌದೇನು?" ಧರೆಪ್ಪ ಕಟ್ಟೆಯ ಮೇಲಿನ ಕೆಂಪು ಹಳದಿ ರಾಶಿ ನೋಡಿದ. "ನನ್ನ ಎತ್ತೂ ಆರ್ಡರ್ ಕೊಡಬೇಕಿತ್ತೇನೋ ಮಾರಾಯಾ! ಅವಕ್ಕ ಸಾಂಗ್ಲಿ ಗೊತ್ತಿಲ್ಲ, ಏನ್ ಮಾಡೋದು."

ನಗುತ್ತಲೇ ಅಂದ. ಮಾವನೂ ನಕ್ಕರು. ಆದರೆ ಧರೆಪ್ಪ ಚಹ ಕುಡಿಯದೆ ಹೋದ, ಮತ್ತೆ ಬರಲಿಲ್ಲ. ಸಿಳ್ಳು ಸಣ್ಣದಾಗುತ್ತ ಬಂತು. ಜುಲೈ ಮೊದಲ ವಾರದ ಒಂದು ಮಧ್ಯಾಹ್ನ ಮಾವ ಗಡಿಯಾರದ ಕೆಳಗಿನ ಪಟ್ಟಿಯ ಮುಂದೆ ಬಂದು, ಕನ್ನಡಕ ಸರಿಪಡಿಸಿಕೊಂಡು, "ಇವತ್ತಿಂದು ಆತೇನವ್ವಾ? ಇನ್ನ ಏಳಲೇನು?" ಎಂದು ಕೇಳಿದರು. ಶಾಲೆಯ ಹುಡುಗ ಮಾಸ್ತರರನ್ನು ಕೇಳುವ ಹಾಗೆ. ಅಂದಿನಿಂದ ಸಿಳ್ಳು ಪೂರ್ತಿ ನಿಂತಿತ್ತು.

ಹನ್ನೊಂದನೆಯ ದಿನ, ಅತ್ತೆಯ ಜೊತೆ ಬೇಳೆ ಆರಿಸುತ್ತ ಕೂತಾಗ, ಚಂದನಾ ಸುತ್ತುಬಳಸಿ ಕೇಳಿದಳು: "ಅತ್ತಿ, ಮಾಮಾ ಇದನ್ನೆಲ್ಲ ಯಾವಾಗಿಂದ ಶುರು ಮಾಡಿದ್ರು?"

ಗಂಗೂಬಾಯಿ ಮೊರದಿಂದ ತಲೆ ಎತ್ತಲಿಲ್ಲ. "ನಾ ಲಗ್ನ ಆಗಿ ಬಂದ ವರ್ಷ. ಅದು ಇವರ ಮೊದಲ ಆಫ್ ಸೀಜನ್ನು. ಹೆಂಗಿದ್ರು ಗೊತ್ತೇನ? ಹನ್ನೊಂದಕ್ಕ ಏಳೋದು, ಇಸ್ಪೀಟ ಆಡಾಕ ಹೋಗೋದು, ಸಂಜಿಕೆ ಬಂದು ನನ್ನ ಮ್ಯಾಲೆ ಸಿಟ್ಟ ತೆಗಿಯೋದು. ಯಾಕ ಸಿಟ್ಟಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದಿನ ನಮ್ಮತ್ತಿ ಸೋನಾಬಾಯಿ ಇವರ ಕೈ ಹಿಡಕೊಂಡು ಹೊಳಿಗೆ ಎಳಕೊಂಡು ಹೋದ್ಲು. ಇಷ್ಟೆತ್ತರ ಮಗನ್ನ! 'ಕಾರ್ಖಾನಿ ಭೋಂಗಾ ನಿಂತ್ರ ನೀನೂ ನಿಂತ್ಬಿಡ್ತಿಯೇನೋ? ಹೊಳಿ ದಂಡಿಮ್ಯಾಲೆ ಹುಟ್ಟಿ ಈಜಾಕ ಬರಂಗಿಲ್ಲ ನಿನಗ, ಇಳಿ' ಅಂದ್ಲು. ಮಳಿ ಬರೋದರೊಳಗ ಈಜು ಕಲ್ತ್ರು. ಕಲ್ತು ಬಂದ ದಿನ ಮೊದಲನೇ ಸಲ ಆ ಸೀಟಿ ಕೇಳಿದೆ ನಾ."

ಬೇಳೆಯಿಂದ ಎರಡು ಸಣ್ಣ ಕಲ್ಲಿನ ಹಳ್ಳು ಆರಿಸಿ ಎಸೆದರು. "ಅವತ್ತಿಂದ ಇವರದು ಒಂದ ಕಾಯ್ದೆ. ವರ್ಷಕ್ಕ ಒಂದು. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. ಬಂದ್ರ ಬಂತು, ಬರಲಿಲ್ಲಂದ್ರ ಹೋತು. ಹಪ್ಪಳದ ವರ್ಷ ಓಣಿ ಮಂದಿ ಎಲ್ಲಾ ನಕ್ರು, ಗಂಡಸು ಲಟ್ಟಣಿಗಿ ಹಿಡದಾನಂತ. ನನಗ ಮಾತ್ರ ಎಷ್ಟು ಸುಖಾ ಇತ್ತವ್ವಾ ಆ ವರ್ಷ! ಲಗ್ನ ಆಗಿ ಇಪ್ಪತ್ತು ವರ್ಷಕ್ಕ ಇಬ್ಬರೂ ಎದುರಾಬದುರಾ ಕೂತು ಮಾತಾಡಿದ್ವಿ."

"ನಾ ತಪ್ಪು ಮಾಡಿದೆನೇನ್ರಿ?"

"ನಾ ಹಂಗಂದ್ನೇನು? ಬ್ಯಾಳಿಯೊಳಗ ಹಳ್ಳು ನೋಡು, ಎಲ್ಲಾ ಬಿಡಾಕತ್ತಿ."

ಅತ್ತೆ ಎದ್ದು ಹೋದ ಮೇಲೂ ಚಂದನಾ ಮೊರದ ಮುಂದೆ ಕೂತೇ ಇದ್ದಳು. ಸೋನಾ ಮಲಗಿದ್ದಳು. ಎರಡರಿಂದ ನಾಲ್ಕರವರೆಗಿನ ಈ ಹೊತ್ತು ದಿನವೂ ಅವಳದೇ. ಅದರಲ್ಲಿ ಅವಳು ಮಾಡುತ್ತಿದ್ದದ್ದು ಚಿಂತೆ ಒಂದೇ. ಅಂಕವಿಲ್ಲದೆ, ಗ್ರೇಡಿಲ್ಲದೆ, ಯಾರೂ ನೋಡದಿದ್ದರೂ ಮಾಡಿದ ಒಂದು ಕೆಲಸ ತನ್ನ ಬದುಕಿನಲ್ಲಿದೆಯೇ ಎಂದು ಹುಡುಕಿದಳು. ಚಿತ್ರ ಬರೆಯುತ್ತಿದ್ದಳು. ಇಂಟರ್‌ಮೀಡಿಯೆಟ್ ಗ್ರೇಡ್ ಸಿಕ್ಕ ಮೇಲೆ ಕುಂಚ ಮುಟ್ಟಿರಲಿಲ್ಲ. ಹಿಂದಿಯ ಪುಸ್ತಕಗಳು ಪರೀಕ್ಷೆ ಮುಗಿದ ವಾರವೇ ಅಟ್ಟ ಸೇರಿದ್ದವು. ತನ್ನೊಳಗೆ ಇಷ್ಟೆಲ್ಲ ಸುರಿದಿದ್ದಾರೆ, ಏನೂ ನಿಂತಿಲ್ಲ. ನಲ್ಲಿ ತೆರೆದಿಟ್ಟು ಹೋದವರು ಯಾರು?

ಅಂದು ಸಂಜೆಯೇ ಬಸ್ ಸ್ಟ್ಯಾಂಡಿನ ಪಕ್ಕದ ಭೀಮಸಿಯ ಫೋನ್ ಬೂತಿಗೆ ಹೋದಳು. ಬೂತಿನ ಹೆಸರು ಬರೆದ ಹಳದಿ ಪಾಟಿಯ ಮುಂದೆ ನಿಂತು ಅದರ ಮೇಲಿನ ಅಕ್ಷರಗಳನ್ನೆಲ್ಲ ಓದಿ ವಾಪಸು ಬಂದಳು. ನೇಮಿನಾಥಣ್ಣ ಸಿಟ್ಟಾಗುತ್ತಾನೆ, ತಂದೆಗೆ ಹೇಳುತ್ತಾನೆ. ಕೊಟ್ಟ ಮಾತು ತಿರುಗಿಸಿದ ಹುಡುಗಿ ಎಂದು ಹೆಸರಾಗುತ್ತದೆ. ಮರುದಿನ ಮತ್ತೆ ಹೋದಳು. ಒಳಗೆ ಯಾರೋ ಮಾತಾಡುತ್ತಿದ್ದರು, ಅದೇ ನೆಪವಾಯಿತು.

ಮೂರನೆಯ ದಿನ ಮಧ್ಯಾಹ್ನ ಸಣ್ಣಗೆ ಜಿಟಿಜಿಟಿ ಹನಿಯುತ್ತಿತ್ತು. ಸೋನಾಳನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಮಾವನ ಎದುರು ಕೂತಳು.

"ಮಾಮಾ, ನನಗೂ ಒಂದು ಕಲಿಸ್ರಿ."

"ಆರ್ಡರ್ ಜಲ್ದಿ ಮುಗಿಲಿ ಅಂತೇನು?" ಅವರು ನಕ್ಕು ಮರದ ಪಟ್ಟಿಯೊಂದನ್ನು ಅವಳ ಕಡೆ ಸರಿಸಿದರು.

"ಅಲ್ಲ. ಸುಮ್ಮನ."

ಆ ಮಾತು ಬಾಯಿಂದ ಬಂದಾಗ ಅವಳಿಗೇ ಹೊಸದಾಗಿ ಕೇಳಿಸಿತು. ಮಾವ ಅವಳನ್ನು ಒಂದು ಸಲ ನೋಡಿ, ನೂಲಿನ ತುದಿ ಹಿಡಿಸಿದರು. ಅರವತ್ತು ಸುತ್ತು, ಕುತ್ತಿಗೆಗೆ ಗಂಟು, ಕೆಳಗೆ ಕತ್ತರಿ. ಅವಳು ಸುತ್ತಿದ್ದು ಒಂದು ಕಡೆ ಗಟ್ಟಿ, ಒಂದು ಕಡೆ ಸಡಿಲ. ಬೇಗ ಮುಗಿಸುವ ಭರದಲ್ಲಿ ಗಂಟು ಜಾರಿತು.

"ಸಾವಕಾಶ. ಪ್ಯಾನಿನ್ಯಾಗೂ ಹಿಂಗ. ಉರಿ ಜಾಸ್ತಿ ಮಾಡಿ ಅವಸರ ಮಾಡಿದ್ರ ಸುಳ್ಳು ಹರಳು ಬೀಳತಾವ. ಕಣ್ಣಿಗೆ ಸಕ್ಕರಿ ಕಂಡಂಗ ಕಾಣತೈತಿ, ತೊಳೀಲಿಕ್ಕೆ ಹೋದ್ರ ಕರಗಿ ಹೋಗತಾವ."

ಚಂದನಾ ಗಂಟು ಬಿಚ್ಚಿ ಮತ್ತೆ ಹಾಕಿದಳು. ಆಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದಳು: "ಅವತ್ತು ಬ್ಯಾಡ ಅಂತ ಯಾಕ ಅನ್ನಲಿಲ್ಲ ನೀವು?"

"ತವರಮನಿ ಮಂದಿ ಮುಂದ ನೀ ಮಾತು ಕೊಟ್ಟಿದ್ದಿ. ನಾ ಹೆಂಗ ಅನ್ನಲಿ?" ಅವರ ಕೈ ಸುತ್ತುತ್ತಲೇ ಇತ್ತು. "ಮತ್ತೊಂದು ಐತಿ. ಈ ಮನಿಗೆ ಬಂದು ಆರು ವರ್ಷದಾಗ ನೀ ಹಂಗ ಬಾಯಿ ತುಂಬ ನಕ್ಕಿದ್ದು ನಾ ಅವತ್ತ ನೋಡಿದ್ದು. ಹೋಗ್ಲಿ, ಒಂದು ಆಫ್ ಸೀಜನ್ ಇಕಿ ಚಿಂತಿ ಹರಿಯಾಕ ಹೋತು ಅನ್ನೋಣ ಅಂದೆ. ಇದಕ್ಕ 'ಚಂದನಾ ವರ್ಷ' ಅಂತ ಹೆಸರು ಇಟ್ಟೀನಿ."

ಮಾವನ ಹೊತ್ತಿನ ಲೆಕ್ಕವನ್ನೆಲ್ಲ ಅವಳು ಎಣಿಸಿದ್ದಳು, ಇದೊಂದು ಲೆಕ್ಕಕ್ಕೆ ಸಿಕ್ಕಿರಲಿಲ್ಲ.

"ನನ್ನ ಚಿಂತಿ ಹರೀಲಿಲ್ಲ ಮಾಮಾ."

"ಅದೂ ನೋಡೇನಿ." ಅವರು ಈಗ ಕೈ ನಿಲ್ಲಿಸಿದರು. "ನನಗ ಇಷ್ಟು ಗೊತ್ತವ್ವಾ. ಮೂವತ್ತೆರಡು ಸೀಜನ್ ದುಡಿದೆ. ಪಗಾರ ಬಂತು, ಹೋತು. ಈಜು ಇನ್ನೂ ಮೈಯಾಗ ಐತಿ. ಹಕ್ಕಿ ಕೂಗಿದ್ರ ಹೆಸರು ಬಾಯಿಗೆ ಬರತೈತಿ. ಪೇಟಿ ಬರಲಿಲ್ಲ, ಆದ್ರ ಯಾರರ ಚೊಲೋ ಬಾರಿಸಿದ್ರ ಹೆಂಗ ಬಾರಿಸಾಕತ್ತಾರಂತ ತಿಳಿತೈತಿ, ಕಣ್ಣಾಗ ನೀರ ಬರತೈತಿ. ನಿವೃತ್ತಿ ಆದ್ಮ್ಯಾಲೆ ಮಾವಗ ಹೊತ್ತು ಹೆಂಗ ಹೋದೀತು ಅಂತ ನೀ ಕೊರಗಬ್ಯಾಡ. ಹನ್ನೆರಡು ತಿಂಗಳು ಆಫ್ ಸೀಜನ್, ಅಷ್ಟ."

ಸೋನಾ ಅಷ್ಟರಲ್ಲಿ ಬುಟ್ಟಿಯ ತಳದಿಂದ ನೀಲಿ ಉಂಡೆಯನ್ನು ಎಳೆದು ತೆಗೆದಿದ್ದಳು. ತೆಗೆದವಳು ತಾಯಿಯ ಮುಖ ನೋಡಿ, ಗದರಿಕೆಗೆ ಕಾದು ನಿಂತಳು. ಚಂದನಾ ತನ್ನ ಸೊಟ್ಟ ಗೊಂಡೆಗೆ ಮಗಳ ಕೈಯಿಂದಲೇ ಒಂದು ನೀಲಿ ಎಳೆ ಸೇರಿಸಿದಳು. ಮಾವ ಅದನ್ನು ತೋಳಿನಷ್ಟು ದೂರ ಹಿಡಿದು ಪರೀಕ್ಷಿಸಿದರು.

"ಚೊಲೋ ಆಗೇತಿ. ಯಾವ ಎತ್ತೂ ಬ್ಯಾಡ ಅನ್ನಂಗಿಲ್ಲ."

ಚಂದನಾ ಎದ್ದಳು. ಒಳಗೆ ಹೋಗಿ ಗಡಿಯಾರದ ಕೆಳಗಿನ ಪಟ್ಟಿಯನ್ನು ಮೊಳೆಯಿಂದ ತೆಗೆದಳು. ನೂರಾ ಹನ್ನೆರಡು ಗುರುತುಗಳಿದ್ದವು. ಅದನ್ನು ಮಡಚಿ ಕೈಯಲ್ಲಿ ಹಿಡಿದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಮಳೆಯಲ್ಲೇ ಹೊರಟಳು.

"ಬರ್ರಿ ಅಕ್ಕಾರ" ಎಂದ ಭೀಮಸಿ, ಬೂತಿನ ಬಾಗಿಲು ತೆರೆದು ಹಿಡಿದು. "ಇವತ್ತರ ಫೋನ್ ಮಾಡ್ತೀರೋ, ಮತ್ತ ಪಾಟಿ ಓದಿ ಹೋಗ್ತೀರೋ?"

"ಮಾಡ್ತೀನಿ."

ಎರಡು ಸಲ ತಪ್ಪು ಒತ್ತಿದಳು. ಮೂರನೆಯ ಸಲ ಆ ಕಡೆ ಗಂಟೆ ಬಾರಿಸಿತು. ಮೀಟರಿನ ಕೆಂಪು ಅಂಕಿಗಳು ಓಡತೊಡಗಿದವು.

"ಬೋಲಾ... ಓ, ತಂಗೀ! ಏನು, ಮಾಲು ರೆಡಿ ಆತೇನು?"

"ಇಲ್ಲ ಅಣ್ಣಾ. ಆದಷ್ಟು ಕಳಸ್ತೀನಿ. ನೂರಾ ಹನ್ನೆರಡು ಜೋಡಿ. ಉಳಿದದ್ದು ಬರಂಗಿಲ್ಲ."

"ಬರಂಗಿಲ್ಲ ಅಂದ್ರ? ಯಾವಾಗ ಬರತೈತಿ?"

"ಯಾವಾಗೂ ಬರಂಗಿಲ್ಲ. ಮಾಮಾರನ್ನ ಕೇಳದ ನಾ ಮಾತು ಕೊಟ್ಟಿದ್ದೆ. ತಪ್ಪು ನಂದು, ಅವರದಲ್ಲ."

"ಅರೇ, ನಾ ಗಿರಾಕಿಗೆ ಹೇಳೀನಲ್ಲ ಮಾರಾಯ್ತಿ. ಕಾಕಾನ ಮುಂದೂ ನಿನ್ನ ಹೊಗಳೀನಿ. ಈಗ ಅವರಿಗೆ ಏನ ಹೇಳಲಿ?"

"ಅಪ್ಪಗ ನಾನ ಕಾರ್ಡ್ ಬರೀತೀನಿ. ನೀ ಬೈಯೋದಿದ್ರ ನನ್ನ ಬೈ."

"ಬೈಯೋದಲ್ಲವ್ವಾ... ಮಾಮಾರಿಗೆ ಹೊತ್ತು ಹೋಗಂಗಿಲ್ಲ ಅಂತ ನೀನ ಅಂದಿದ್ದ್ಯಲ್ಲ?"

ಗಾಜಿನಾಚೆ ಮಳೆ ನಿಲ್ಲುತ್ತ ಬಂದಿತ್ತು. ಚಂದನಾ ಕೈಯಲ್ಲಿದ್ದ ಪಟ್ಟಿಯನ್ನು ಇನ್ನೊಂದು ಮಡಿಕೆ ಮಡಚಿದಳು.

"ಅಂದಿದ್ದೆ. ಗೊತ್ತಿಲ್ಲದ ಅಂದಿದ್ದೆ ಅಣ್ಣಾ. ಅವರಿಗೆ ಹೊತ್ತು ಸಾಲಂಗಿಲ್ಲ."

"ಸಾಲಂಗಿಲ್ಲ?" ನೇಮಿನಾಥನ ದನಿಯಲ್ಲಿ ಸಿಟ್ಟು ಸ್ವಲ್ಪ ಇಳಿದು ಕುತೂಹಲ ಇಣುಕಿತು. "ಅಂಥಾದ್ದೇನು ಮಾಡಾಕತ್ತಾರ ಅವರು?"

ಭೀಮಸಿ ಗಾಜು ತಟ್ಟಿ ಕೆಂಪು ಅಂಕಿಗಳ ಕಡೆ ಬೆರಳು ಮಾಡಿದ. ಚಂದನಾ ಮೀಟರಿಗೆ ಬೆನ್ನು ತಿರುಗಿಸಿ ನಿಂತಳು.

"ಹೇಳ್ತೀನಿ, ಕೇಳು" ಎಂದಳು. "ಧರೆಪ್ಪಣ್ಣಾರ ಕರಿ ಎತ್ತಿಗೆ ಒಂದು ಕೋಡು ಸೊಟ್ಟ ಐತಿ..."